ಶಿಬಿರ ಮುಗಿದ ಮರುದಿನ ಹಳ್ಳಿಯಲ್ಲಿ ಏನಾಗುತ್ತೆ?

ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ‘ದತ್ತು’ ತೆಗೆದುಕೊಳ್ಳಬೇಕು ಅನ್ನೋ ನಿಯಮ ಬಂದು ವರ್ಷಗಳಾದವು. ವಿದ್ಯಾರ್ಥಿಗೆ ಸಿಕ್ಕಿದ್ದು, ಕಾಲೇಜಿಗೆ ಸಿಕ್ಕಿದ್ದು ದಾಖಲೆಯಲ್ಲಿದೆ. ಆ ಮನೆಗೆ ಏನು ಸಿಕ್ಕಿತು ಅನ್ನೋ ಲೆಕ್ಕ ಯಾರ ಹತ್ತಿರ ಇದೆ?

ಯಾವುದಾದರೂ ಮೆಡಿಕಲ್ ಅಥವಾ ನರ್ಸಿಂಗ್ ಕಾಲೇಜಿನ ಇನ್‌ಸ್ಟಾಗ್ರಾಂ ಪೇಜ್ ತೆಗೆದು ಒಂದು ಸಲ ಸ್ಕ್ರಾಲ್ ಮಾಡಿ. ಎರಡು ಬಗೆಯ ಫೋಟೊಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಘಟಿಕೋತ್ಸವದ್ದು: ಕೊರಳಲ್ಲಿ ಚಿನ್ನದ ಪದಕ, ಪಕ್ಕದಲ್ಲಿ ಕಣ್ಣು ತುಂಬಿಕೊಂಡ ಅಪ್ಪ ಅಮ್ಮ. ಇನ್ನೊಂದು, ಹಳ್ಳಿಯ ಆರೋಗ್ಯ ಶಿಬಿರದ್ದು: ಶಾಲೆಯ ಜಗುಲಿ, ಹಿಂದೆ ಫ್ಲೆಕ್ಸ್, ಬಿಳಿ ಕೋಟು ತೊಟ್ಟ ವಿದ್ಯಾರ್ಥಿಗಳು, ಮುಂದೆ ಬಿಪಿ ನೋಡಿಸಿಕೊಳ್ಳಲು ತೋಳು ಚಾಚಿ ಕೂತ ಅಜ್ಜಿ. ಅಡಿಯಲ್ಲಿ ಇಷ್ಟು ಜನರ ತಪಾಸಣೆ ಆಯಿತು ಅನ್ನೋ ಒಂದು ಸಂಖ್ಯೆ.

ಮೊದಲ ಫೋಟೊ ಬಗ್ಗೆ ನನ್ನ ತಕರಾರಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಗಿದ್ದು 1996ರಲ್ಲಿ. ಇವತ್ತು ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಆಯುರ್ವೇದ ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಅದರ ಕೆಳಗಿವೆ. ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಓದಿ ಪದಕ ತೆಗೆಯೋದು ಸಣ್ಣ ಮಾತಲ್ಲ. ಆ ಸಾಧನೆ ಆ ವಿದ್ಯಾರ್ಥಿಯದ್ದೇ.

ನನ್ನ ಪ್ರಶ್ನೆ ಇರೋದು ಎರಡನೇ ಫೋಟೊ ಬಗ್ಗೆ. ಅದನ್ನೂ ನಾವು ವಿದ್ಯಾರ್ಥಿಯ ಸಾಧನೆ, ಕಾಲೇಜಿನ ಸಾಧನೆ ಅಂತಲೇ ಓದುತ್ತೇವೆ. ಆದರೆ ಆ ಫೋಟೊದಲ್ಲಿ ಇನ್ನೊಬ್ಬರಿದ್ದಾರೆ. ಆ ಅಜ್ಜಿಯ ಬಿಪಿ ಎಷ್ಟಿತ್ತು? ಜಾಸ್ತಿ ಇದ್ದರೆ ಮಾತ್ರೆ ಕೊಟ್ಟವರು ಯಾರು? ಮುಂದಿನ ತಿಂಗಳು ಮಾತ್ರೆ ಮುಗಿದಾಗ ಏನಾಯಿತು? ಆ ಪೋಸ್ಟ್‌ನಲ್ಲಿ ಇದಕ್ಕೆ ಉತ್ತರ ಸಿಗೋದಿಲ್ಲ. ನಮ್ಮ ಆರೋಗ್ಯ ಶಿಕ್ಷಣ ವ್ಯವಸ್ಥೆ ಈ ಪ್ರಶ್ನೆಯನ್ನು ಕಾಲೇಜುಗಳಿಗೆ ಕೇಳೋದೂ ಅಪರೂಪ.

ನಿಯಮ ಹೇಳೋದು ಏನು?

2021-22ರ ಬ್ಯಾಚ್‌ನಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ಎಂಬಿಬಿಎಸ್ ಪಠ್ಯಕ್ರಮದಲ್ಲಿ ‘ಫ್ಯಾಮಿಲಿ ಅಡಾಪ್ಶನ್ ಪ್ರೋಗ್ರಾಂ’ ಸೇರಿಸಿತು. ಪ್ರತಿ ವಿದ್ಯಾರ್ಥಿ ಹಳ್ಳಿಯ ಕನಿಷ್ಠ 3, ಸಾಧ್ಯವಾದರೆ 5 ಕುಟುಂಬಗಳನ್ನು ತನ್ನ ಜವಾಬ್ದಾರಿ ಅಂತ ತಗೊಳ್ಳಬೇಕು. ಮೊದಲ ವರ್ಷದಿಂದಲೇ ಆ ಮನೆಗಳಿಗೆ ಹೋಗಬೇಕು. ಮೂರು ಹಂತಗಳಲ್ಲಿ ಒಟ್ಟು 78 ಗಂಟೆ ಇದಕ್ಕೆ ಮೀಸಲು. ಮನೆಯವರ ಆರೋಗ್ಯದ ಮಾಹಿತಿ ಬರೆದುಕೊಳ್ಳೋದು, ರಕ್ತಹೀನತೆ, ಬಿಪಿ, ಶುಗರ್ ನೋಡೋದು, ಅಗತ್ಯ ಇದ್ದವರನ್ನು ಆಸ್ಪತ್ರೆಗೆ ಕಳಿಸೋದು, ಮತ್ತೆ ಹೋಗಿ ವಿಚಾರಿಸೋದು, ಇಷ್ಟು ಕೆಲಸ.

ಇಂಜಿನಿಯರಿಂಗ್ ಓದಿದ ಅಭ್ಯಾಸಬಲ, ನಾನು ಮೊದಲು ಗುಣಾಕಾರ ಮಾಡಿದೆ. ಕರ್ನಾಟಕದಲ್ಲಿ ಈಗ ವರ್ಷಕ್ಕೆ ಎಂಬಿಬಿಎಸ್ ಸೀಟುಗಳು 12 ಸಾವಿರಕ್ಕೂ ಹೆಚ್ಚಿವೆ. ಒಬ್ಬೊಬ್ಬರಿಗೆ ಮೂರೇ ಮನೆ ಅಂದರೂ ಒಂದು ಬ್ಯಾಚ್‌ಗೆ 36 ಸಾವಿರಕ್ಕೂ ಹೆಚ್ಚು ಕುಟುಂಬ. ಒಂದೇ ಹೊತ್ತಿಗೆ ಮೂರು ಬ್ಯಾಚ್‌ಗಳು ಈ ಕೆಲಸದಲ್ಲಿರುತ್ತವೆ. ಅಂದರೆ ನಿಯಮ ಕಾಗದದ ಮೇಲೆ ಇದ್ದ ಹಾಗೆ ನಡೆದರೆ, ಯಾವುದೇ ದಿನ ತೆಗೆದುಕೊಂಡರೂ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿ ಕುಟುಂಬಗಳಿಗೆ ‘ನಮ್ಮ ಹುಡುಗ’, ‘ನಮ್ಮ ಹುಡುಗಿ’ ಅಂತ ಹೇಳಿಕೊಳ್ಳೋಕೆ ಒಬ್ಬ ಡಾಕ್ಟರ್ ವಿದ್ಯಾರ್ಥಿ ಇರಬೇಕು. ಒಂದು ಬ್ಯಾಚ್‌ನ ಒಟ್ಟು ಸಮಯ 9 ಲಕ್ಷ ಗಂಟೆ ದಾಟುತ್ತೆ.

ಈಗ ಅದನ್ನೇ ಮನೆಯ ಕಡೆಯಿಂದ ನೋಡಿ. ಐದು ಮನೆ ಇದ್ದರೆ ಒಂದು ಮನೆಗೆ ಮೂರು ಹಂತಗಳಲ್ಲೂ ಸೇರಿ ಸಿಗೋದು ಹದಿನೈದೂವರೆ ಗಂಟೆ. ಬಸ್ಸಿನ ಪ್ರಯಾಣ, ಹಾಜರಿ, ಫೋಟೊ ಇದರಲ್ಲೇ ಸೇರಿಹೋದರೆ ಇನ್ನೂ ಕಡಿಮೆ. ಹಾಗಂತ ಇದು ಕೆಲಸಕ್ಕೆ ಬಾರದ ಸಮಯ ಅಲ್ಲ. ಒಂದೇ ಮುಖ ಒಂದೇ ಮನೆಗೆ ಮೂರು ವರ್ಷ ಬರೋದು ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಅಪರೂಪ. ಆದರೆ ಇಷ್ಟು ಕಡಿಮೆ ಸಮಯ ಇದ್ದಾಗ ಅದನ್ನು ಯಾವುದಕ್ಕೆ ಖರ್ಚು ಮಾಡ್ತೀವಿ ಅನ್ನೋದೇ ಮುಖ್ಯ ಆಗುತ್ತೆ.

ಒಂದು ಸಂಖ್ಯೆಯ ಪ್ರಯಾಣ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಪಾಲಿನ ಮನೆಗೆ ಹೋಗಿದ್ದಾಳೆ. ಆ ಮನೆಯ ಸೊಸೆ ಐದು ತಿಂಗಳ ಬಸುರಿ. ಹಿಮೋಗ್ಲೋಬಿನ್ ನೋಡಿದರೆ 7.8. ಲಾಗ್‌ಬುಕ್‌ನಲ್ಲಿ ಅದನ್ನು ಬರೆದಳು, ಸೊಪ್ಪು, ಬೆಲ್ಲ, ಮೊಳಕೆ ಕಾಳು ತಿನ್ನಬೇಕು ಅಂತ ಹೇಳಿದಳು, ಪ್ರೊಫೆಸರ್ ಸಹಿ ಹಾಕಿದರು. ಪರೀಕ್ಷೆಯಲ್ಲಿ ಈ ಕೇಸ್ ಚೆನ್ನಾಗಿ ವಿವರಿಸಿ ಒಳ್ಳೆ ಅಂಕವನ್ನೂ ಪಡೆದಳು.

7.8 ಅಂದರೆ ಬಸುರಿಯರಲ್ಲಿ ಮಧ್ಯಮ ಪ್ರಮಾಣದ ರಕ್ತಹೀನತೆ, ತೀವ್ರ ಹಂತ ಅನ್ನೋ 7ರ ಗೆರೆಗೆ ತೀರಾ ಹತ್ತಿರ. ಇದಕ್ಕೆ ಏನು ಮಾಡಬೇಕು ಅನ್ನೋದು ಗುಟ್ಟೇನಲ್ಲ. 2018ರಲ್ಲಿ ಶುರುವಾದ ‘ಅನೀಮಿಯಾ ಮುಕ್ತ ಭಾರತ’ದ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ: ಕಬ್ಬಿಣಾಂಶದ ಮಾತ್ರೆ ದಿನಕ್ಕೆ ಒಂದರ ಬದಲು ಎರಡು, ಮತ್ತೆ ಮತ್ತೆ ರಕ್ತ ಪರೀಕ್ಷೆ, ಏರದಿದ್ದರೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣಾಂಶ. ಅಂದರೆ ಆ 7.8 ಲಾಗ್‌ಬುಕ್‌ನಿಂದ ಹೊರಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನ ರಿಜಿಸ್ಟರ್‌ಗೆ, ತಾಯಿ ಕಾರ್ಡಿಗೆ ಹೋಗಬೇಕು. ಅಲ್ಲಿಂದ ಮಾತ್ರೆಯಾಗಿ ಮನೆಗೆ ಬರಬೇಕು. ತಿಂಗಳ ನಂತರ ಅದು 9 ಆಯಿತಾ ಅಂತ ಯಾರೋ ನೋಡಬೇಕು.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರೋ ವಿಷಯ. ಬಗ್ ಸಿಕ್ಕರೆ ಟಿಕೆಟ್ ಓಪನ್ ಆಗುತ್ತೆ. ಯಾರ ಹೆಸರಿಗೆ, ಯಾವ ದಿನದೊಳಗೆ ಅಂತ ಬರೆದಿರುತ್ತೆ. ಸರಿಪಡಿಸಿ, ಪರೀಕ್ಷಿಸಿ ನೋಡುವ ತನಕ ಟಿಕೆಟ್ ಕ್ಲೋಸ್ ಆಗೋದಿಲ್ಲ. ನಾವು ನೂರಾರು ಬಗ್ ಕಂಡುಹಿಡಿದೆವು ಅಂತ ಫೋಟೊ ಹಾಕಿಕೊಂಡು ಮನೆಗೆ ಹೋದರೆ ಮ್ಯಾನೇಜರ್ ಬಿಡ್ತಾರಾ? ಶಿಬಿರಗಳಲ್ಲಿ ನಡೆಯೋದು ಬಹುಪಾಲು ಇದೇ. ಟಿಕೆಟ್ ಓಪನ್ ಮಾಡೋದನ್ನೇ ಕೆಲಸ ಅಂತ ಎಣಿಸ್ತೀವಿ.

ಇಲ್ಲಿ ಪಣಕ್ಕಿರೋದು ಸಣ್ಣದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019-21) ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸುತ್ತಿನಲ್ಲಿ ಅದು ಶೇ 44.8 ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 60.9ರಿಂದ 65.5ಕ್ಕೆ ಏರಿದೆ. ಹೆರಿಗೆಯ ಆಸುಪಾಸಿನಲ್ಲಿ ಸಾಯೋ ತಾಯಂದಿರ ಲೆಕ್ಕ ತಗೊಂಡರೆ, 2018-20ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69, ಪಕ್ಕದ ಕೇರಳದಲ್ಲಿ 19. ದೇಶದಲ್ಲೇ ಅತಿ ಹೆಚ್ಚು ಮೆಡಿಕಲ್ ಸೀಟು ಇರೋ ರಾಜ್ಯಗಳಲ್ಲಿ ನಮ್ಮದೂ ಒಂದು ಅನ್ನೋದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕಾಲೇಜುಗಳು ಹೀಗೆ ಮಾಡೋಕೆ ಕಾರಣ ಅವರ ಕೆಟ್ಟ ಮನಸ್ಸು ಅಂತ ನಾನು ಹೇಳೋದಿಲ್ಲ. ಏನನ್ನು ಎಣಿಸ್ತೀವೋ ಅದೇ ನಡೆಯುತ್ತೆ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನ ಕೈಪಿಡಿಯಲ್ಲಿ ‘ಸಂಶೋಧನೆ, ನಾವೀನ್ಯ ಮತ್ತು ವಿಸ್ತರಣೆ’ ಅನ್ನೋ ಮಾನದಂಡ ಇದೆ. ಅದರ ಕೆಳಗೆ ಕೇಳೋದು ಇಷ್ಟು: ಎಷ್ಟು ವಿಸ್ತರಣಾ ಕಾರ್ಯಕ್ರಮ ಮಾಡಿದಿರಿ? ಶೇಕಡಾ ಎಷ್ಟು ವಿದ್ಯಾರ್ಥಿಗಳು ಭಾಗವಹಿಸಿದರು? ಏನು ಪ್ರಶಸ್ತಿ ಬಂತು? ಪುರಾವೆಗೆ ವರದಿ, ಫೋಟೊ. ಅಂದಮೇಲೆ ಫ್ಲೆಕ್ಸ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳೋದು ಬರೀ ಪ್ರಚಾರದ ಹುಚ್ಚಲ್ಲ, ಅದು ದಾಖಲೆ. ಹಳ್ಳಿಯೊಂದು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಎಣಿಸೋ ರೀತಿ ಬದಲಾಗೋಕೆ ಸಾಧ್ಯವೇ ಇಲ್ಲ ಅಂತೇನೂ ಇಲ್ಲ. 2017ರಲ್ಲಿ ಶುರುವಾದ ಇಂಡಿಯಾ ಹೈಪರ್‌ಟೆನ್ಶನ್ ಕಂಟ್ರೋಲ್ ಇನಿಷಿಯೇಟಿವ್ ನೋಡಿ. ಅದು ಎಷ್ಟು ಜನರ ಬಿಪಿ ನೋಡಿದರು ಅನ್ನೋದಕ್ಕೆ ನಿಲ್ಲಲಿಲ್ಲ. ಚಿಕಿತ್ಸೆಗೆ ಹೆಸರು ಬರೆಸಿದವರಲ್ಲಿ ಎಷ್ಟು ಜನರ ಬಿಪಿ ಈಗ ಹತೋಟಿಯಲ್ಲಿದೆ, ಎಷ್ಟು ಜನ ಮಾತ್ರೆ ತಗೊಳ್ಳೋಕೆ ವಾಪಸ್ ಬರಲಿಲ್ಲ ಅನ್ನೋದನ್ನು ಲೆಕ್ಕ ಇಟ್ಟಿತು. ಸರ್ಕಾರಿ ಆಸ್ಪತ್ರೆಗಳಲ್ಲೇ ಇದು ನಡೆದಿದೆ ಅಂದಮೇಲೆ ಕಾಲೇಜುಗಳಿಗೆ ಯಾಕಾಗಲ್ಲ?

ಇದು ಹೊಸ ಕನಸಲ್ಲ

ವೈದ್ಯ ವಿದ್ಯಾರ್ಥಿಯನ್ನು ಹಳ್ಳಿಗೆ ಕರೆದೊಯ್ಯಬೇಕು ಅನ್ನೋ ಮಾತಿಗೆ ನಮ್ಮ ಗಣರಾಜ್ಯಕ್ಕಿಂತ ಹೆಚ್ಚು ವಯಸ್ಸು. 1946ರ ಬೋರ್ ಸಮಿತಿ ‘ಸಾಮಾಜಿಕ ವೈದ್ಯ’ರನ್ನು ತಯಾರಿಸಬೇಕು ಅಂದಿತ್ತು. 1975ರ ಶ್ರೀವಾಸ್ತವ ಸಮಿತಿ ವರದಿಯ ನಂತರ, 1977ರಲ್ಲಿ ಕೇಂದ್ರ ಸರ್ಕಾರ ‘ರೋಮ್’ ಅನ್ನೋ ಯೋಜನೆ ತಂತು. ಪ್ರತಿ ಮೆಡಿಕಲ್ ಕಾಲೇಜು ಮೂರು ಬ್ಲಾಕ್‌ಗಳ ಆರೋಗ್ಯದ ಹೊಣೆ ಹೊರಬೇಕಿತ್ತು, ಅದಕ್ಕಾಗಿ ಸಂಚಾರಿ ಆಸ್ಪತ್ರೆ ವಾಹನಗಳೂ ಬಂದವು. ಆಮೇಲೆ ವಾಹನಗಳು ಕಾಲೇಜಿನ ಶೆಡ್‌ಗಳಲ್ಲಿ ನಿಂತವು. ಯೋಜನೆ ಕಮ್ಯುನಿಟಿ ಮೆಡಿಸಿನ್ ಅನ್ನೋ ಒಂದೇ ವಿಭಾಗದ ಕೆಲಸ ಆಯಿತು. ಮೆಡಿಸಿನ್, ಸರ್ಜರಿ, ಹೆರಿಗೆ ವಿಭಾಗದ ದೊಡ್ಡ ಪ್ರೊಫೆಸರ್‌ಗಳು ಆಸ್ಪತ್ರೆ ಬಿಟ್ಟು ಕದಲಲಿಲ್ಲ. ವಿದ್ಯಾರ್ಥಿಗೆ ಅರ್ಥ ಆಗಿದ್ದು ಒಂದೇ: ನಿಜವಾದ ವೈದ್ಯಕೀಯ ಇರೋದು ಆಸ್ಪತ್ರೆಯ ಕಟ್ಟಡದಲ್ಲಿ, ಹಳ್ಳಿ ಅನ್ನೋದು ಹಾಜರಿ.

ಉಳಿದುಕೊಂಡ ಉದಾಹರಣೆಗಳೂ ಇವೆ. ಗಾಂಧಿ ಶತಮಾನೋತ್ಸವದ ವರ್ಷ 1969ರಲ್ಲಿ ಡಾ. ಸುಶೀಲಾ ನಯ್ಯರ್ ಸೇವಾಗ್ರಾಮದಲ್ಲಿ ಕಟ್ಟಿದ ಮೆಡಿಕಲ್ ಕಾಲೇಜಿನಲ್ಲಿ ಪ್ರತಿ ಬ್ಯಾಚ್ ಒಂದು ಹಳ್ಳಿಯನ್ನು ತನ್ನದು ಮಾಡಿಕೊಳ್ಳುತ್ತೆ. ಮೊದಲ ವರ್ಷ ಅಲ್ಲೇ ಶಿಬಿರ ಹೂಡಿ ಇರಬೇಕು, ಆಮೇಲೆ ಅದೇ ಮನೆಗಳಿಗೆ ಹೋಗ್ತಾ ಇರಬೇಕು. ಈಗಿನ ಎನ್‌ಎಂಸಿ ಕಾರ್ಯಕ್ರಮ ಈ ಮಾದರಿಗೆ ತುಂಬ ಹತ್ತಿರ ಇದೆ.

ನಮ್ಮಲ್ಲೇ ನೋಡಿದರೆ, ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಆಮೇಲೆ ಹೆಗ್ಗಡದೇವನಕೋಟೆಗೆ ಹೋಗಿ, ಕಬಿನಿ ಜಲಾಶಯ ಮತ್ತು ಬಂಡೀಪುರ ಅರಣ್ಯದ ಕಾರಣಕ್ಕೆ ನೆಲೆ ಕಳೆದುಕೊಂಡ ಆದಿವಾಸಿಗಳ ನಡುವೆ ನಿಂತರು. ಕೆಂಚನಹಳ್ಳಿ, ಸರಗೂರಿನಲ್ಲಿ ಆಸ್ಪತ್ರೆ ಬಂತು. ಅದಕ್ಕೂ ಮೊದಲೇ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಜೊತೆ ಕೆಲಸಕ್ಕೆ ಇಳಿದಿದ್ದರು. ಇವೆಲ್ಲ ಗೆದ್ದಿದ್ದು ಯಾಕೆ ಅಂದರೆ, ಹೋದವರು ಅಲ್ಲೇ ಉಳಿದರು. ನಿನ್ನೆ ನೋಡಿದ ರೋಗಿ ನಾಳೆಯೂ ಅವರ ಮುಂದೆಯೇ ಬರುತ್ತಿದ್ದರು, ತಪ್ಪಿಸಿಕೊಳ್ಳೋಕೆ ಆಗುತ್ತಿರಲಿಲ್ಲ.

ಆದರೆ ವರ್ಷಕ್ಕೆ 12 ಸಾವಿರ ಬಾಲಸುಬ್ರಹ್ಮಣ್ಯಂಗಳನ್ನು ತಯಾರು ಮಾಡ್ತೀವಿ ಅಂತ ಯಾರೂ ನೀತಿ ಬರೆಯೋಕಾಗಲ್ಲ. ವಿದ್ಯಾರ್ಥಿ ಬಂದು ಹೋಗುವವನೇ. ಅವನು ಹೋದ ಮೇಲೂ ಕೆಲಸ ನಿಲ್ಲದ ಹಾಗೆ ವ್ಯವಸ್ಥೆ ಕಟ್ಟಬೇಕು.

ಹಳ್ಳಿಯಲ್ಲಿ ಮೊದಲಿಂದಲೂ ಇರುವವರು

ಆ ವ್ಯವಸ್ಥೆ ಅರ್ಧ ಈಗಾಗಲೇ ಇದೆ. ಅದರ ಹೆಸರು ಆಶಾ ಕಾರ್ಯಕರ್ತೆ. ರಾಜ್ಯದಲ್ಲಿ ಸುಮಾರು 42 ಸಾವಿರ ಮಂದಿ ಇದ್ದಾರೆ. ವಿದ್ಯಾರ್ಥಿಗಳನ್ನು ಮನೆ ಮನೆಗೆ ಕರ್ಕೊಂಡು ಹೋಗೋರು, ಬಾಗಿಲು ತೆಗೆಸೋರು, ಈ ಮಕ್ಕಳು ನಮ್ಮೋರೇ ಅಂತ ಪರಿಚಯಿಸೋರು ಇವರೇ. ಬ್ಯಾಚ್ ಮುಗಿದು ವಿದ್ಯಾರ್ಥಿಗಳು ಹೋದ ಮೇಲೆ ಆ 7.8ರ ಹಿಂದೆ ಓಡಾಡಬೇಕಾದವರೂ ಇವರೇ. 2025ರ ಜನವರಿಯ ಚಳಿಯಲ್ಲಿ ಇದೇ ಆಶಾಗಳು ತಿಂಗಳಿಗೆ 15 ಸಾವಿರ ರೂಪಾಯಿ ಖಾತ್ರಿ ಗೌರವಧನ ಕೇಳಿ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಹಗಲು ಕೂರಬೇಕಾಯಿತು. ವಿದ್ಯಾರ್ಥಿಗೆ ಪ್ರಮಾಣಪತ್ರ, ಕಾಲೇಜಿಗೆ ಗ್ರೇಡ್. ಈ ಕಾರ್ಯಕ್ರಮದಲ್ಲಿ ಆಶಾಗೆ ಏನು?

ನರ್ಸಿಂಗ್ ವಿದ್ಯಾರ್ಥಿಗಳ ಕಥೆಯೂ ಹೀಗೆಯೇ. ಕಮ್ಯುನಿಟಿ ಹೆಲ್ತ್ ನರ್ಸಿಂಗ್ ಪೋಸ್ಟಿಂಗ್‌ನಲ್ಲಿ ಅವರು ಮನೆ ಭೇಟಿ ಮಾಡಿ ಫ್ಯಾಮಿಲಿ ಫೋಲ್ಡರ್ ತಯಾರಿಸ್ತಾರೆ. ಹಾಗಾಗಿ ಒಂದೇ ಮನೆಗೆ ಎಂಬಿಬಿಎಸ್‌ನವರು ಒಂದು ಪುಸ್ತಕ ಹಿಡಿದು, ನರ್ಸಿಂಗ್‌ನವರು ಇನ್ನೊಂದು ಹಿಡಿದು, ಆಶಾ ಮೂರನೆಯದು ಹಿಡಿದು ಬರಬಹುದು. ಮೂವರೂ ಅದೇ ಪ್ರಶ್ನೆ ಕೇಳ್ತಾರೆ. ಮೂರು ಪುಸ್ತಕಗಳೂ ಒಂದನ್ನೊಂದು ನೋಡೋದಿಲ್ಲ. ಮುಂದೆ ಆಸ್ಪತ್ರೆಯಲ್ಲಿ ಒಟ್ಟಿಗೆ ಕೆಲಸ ಮಾಡಬೇಕಾದ ಡಾಕ್ಟರ್ ಮತ್ತು ನರ್ಸ್ ಓದುವಾಗ ಒಟ್ಟಿಗೆ ಒಂದು ಮನೆಗೂ ಹೋಗಿರೋದಿಲ್ಲ.

ಇನ್ನು ಯಾವ ಮನೆ? ಬಸ್ ನಿಲ್ಲೋ ಕಡೆಯ ಮನೆಗಳು, ಪಂಚಾಯಿತಿ ಸದಸ್ಯರು ತೋರಿಸಿದ ಮನೆಗಳು ಸುಲಭವಾಗಿ ಪಟ್ಟಿಗೆ ಬರ್ತವೆ. ಊರಾಚೆಯ ಕೇರಿ, ತಾಂಡಾ, ಕಾಡಂಚಿನ ಹಾಡಿ ಬರುತ್ತವಾ? ಕಾಯಿಲೆ ಜಾತಿ ನೋಡಲ್ಲ ಅಂತೀವಿ, ಆದರೆ ಆರೋಗ್ಯ ಸೇವೆ ಯಾವ ಬೀದಿಯಿಂದ ಶುರುವಾಗಿ ಯಾವ ಬೀದಿಯಲ್ಲಿ ನಿಲ್ಲುತ್ತೆ ಅನ್ನೋದು ಜಾತಿಯನ್ನು ಚೆನ್ನಾಗಿ ನೋಡುತ್ತೆ. ಭಾಷೆಯದ್ದೂ ಪ್ರಶ್ನೆ ಇದೆ. ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿ ಬಹಳಷ್ಟಿದ್ದಾರೆ. ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆ ಕಲಿಸಬೇಕು ಅಂತ ಪಠ್ಯಕ್ರಮದಲ್ಲೇ ಇದೆ. ಆದರೆ ‘ಎದೆ ಉರಿ’ಗೂ ‘ಎದೆ ನೋವು’ಗೂ, ‘ಸುಸ್ತು’ಗೂ ‘ತಲೆ ಸುತ್ತು’ಗೂ ಇರೋ ವ್ಯತ್ಯಾಸ ಕೆಲವು ದಿನಗಳ ಕ್ಲಾಸಿನಲ್ಲಿ ಬರೋದಿಲ್ಲ. ಇಲ್ಲಿ ಕನ್ನಡ ಅನ್ನೋದು ಅಭಿಮಾನದ ಮಾತಿಗಿಂತ ಮೊದಲು ರೋಗ ಪತ್ತೆಯ ಸಾಧನ.

ವಿದ್ಯಾರ್ಥಿಗಳ ಕಡೆಯ ಮಾತು

ಇದನ್ನೆಲ್ಲ ಓದಿ ಮೆಡಿಕಲ್ ಓದ್ತಿರೋ ಗೆಳೆಯರು ಎರಡು ಮಾತು ಹೇಳಬಹುದು. ಎರಡರಲ್ಲೂ ಹುರುಳಿದೆ.

ಒಂದು, ನಾವಿನ್ನೂ ಕಲಿಯೋರು, ಚಿಕಿತ್ಸೆ ಕೊಡೋಕೆ ಪರವಾನಗಿ ಇಲ್ಲ, ಹಳ್ಳಿಯ ಆರೋಗ್ಯದ ಫಲಿತಾಂಶಕ್ಕೆ ನಾವು ಹೇಗೆ ಹೊಣೆ? ನಿಜ. ಹೊಣೆ ಕಾಲೇಜಿನದ್ದು, ಆ ಕಾಲೇಜಿನ ಆಸ್ಪತ್ರೆಯದ್ದು. ವಿದ್ಯಾರ್ಥಿ ಮಾಡಬೇಕಾದ್ದು ತಾನು ಕಂಡದ್ದನ್ನು ಸರಿಯಾದ ಕೈಗೆ ದಾಟಿಸಿ, ಮುಂದಿನ ಭೇಟಿಯಲ್ಲಿ ಏನಾಯಿತು ಅಂತ ನೋಡೋದು. ವೈದ್ಯಕೀಯದಲ್ಲಿ ಕಲಿಯಬೇಕಾದ ದೊಡ್ಡ ಪಾಠವೇ ಇದು. ಮಾತ್ರೆ ಮನೆಯಲ್ಲಿದ್ದರೂ ಸೊಸೆ ಯಾಕೆ ನುಂಗಲಿಲ್ಲ ಅನ್ನೋದನ್ನು ಯಾವ ಪಠ್ಯಪುಸ್ತಕವೂ ಆ ಅಡುಗೆಮನೆಯಷ್ಟು ಚೆನ್ನಾಗಿ ಹೇಳಿಕೊಡೋದಿಲ್ಲ. ‘ದತ್ತು’ ಅನ್ನೋ ಪದವೇ ಇಲ್ಲಿ ತಲೆಕೆಳಗಾಗಿದೆ. ಹತ್ತೊಂಬತ್ತು ವರ್ಷದ ವಿದ್ಯಾರ್ಥಿಗೆ ಮನೆಯೊಳಗೆ ಜಾಗ ಕೊಟ್ಟು, ತಮ್ಮ ಮೈಯ ಕಷ್ಟ ಹೇಳಿ ಕಲಿಸೋದು ಆ ಕುಟುಂಬ.

ಎರಡು, ನಮಗೆ ಸಮಯ ಎಲ್ಲಿದೆ? ನೀಟ್ ಪಿಜಿಯ ಭೂತ ಮೊದಲ ವರ್ಷದಿಂದಲೇ ಬೆನ್ನಿಗೆ ಬಿದ್ದಿರುತ್ತೆ. ಪಿಜಿ ಸೀಟು ಬರೀ ಎಂಸಿಕ್ಯೂ ಮೇಲೆ ನಿಂತಿರುವಾಗ, ಮಳೆಯಲ್ಲಿ ಕೇರಿಗೆ ಹೋಗಿ ಬಂದ ಮಧ್ಯಾಹ್ನಕ್ಕೆ ಅಲ್ಲಿ ಒಂದು ಅಂಕವೂ ಇಲ್ಲ. ಇದು ವಿದ್ಯಾರ್ಥಿಯ ತಪ್ಪಲ್ಲ. ನಾವು ಯಾವುದನ್ನು ಸಾಧನೆ ಅಂತ ಕರೀತೀವಿ ಅನ್ನೋದರ ತಪ್ಪು.

ಏನು ಮಾಡಬಹುದು?

ನಾಲ್ಕು ಬದಲಾವಣೆ ಸಾಕು. ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ.

ಮೊದಲನೆಯದು, ಲಾಗ್‌ಬುಕ್‌ನಲ್ಲಿ ಇನ್ನೊಂದು ಕಾಲಂ: ‘ಆಮೇಲೆ ಏನಾಯಿತು?’ ಕಂಡುಹಿಡಿದ ಪ್ರತಿ ತೊಂದರೆಯೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿತಾ, ಚಿಕಿತ್ಸೆ ಸಿಕ್ಕಿತಾ, ಹತೋಟಿಗೆ ಬಂತಾ. ಅಂಕವನ್ನು ಆ ಕಾಲಂಗೆ ಕೊಡಿ. ಕೇಂದ್ರದಲ್ಲಿ ಮಾತ್ರೆಯೇ ಇರಲಿಲ್ಲ ಅಂತ ವಿದ್ಯಾರ್ಥಿ ಬರೆದರೂ ಪೂರ್ತಿ ಅಂಕ ಕೊಡಿ. ಆ ಉತ್ತರವೂ ಸರ್ಕಾರಕ್ಕೆ ಬೇಕು.

ಎರಡನೆಯದು, ಹಸ್ತಾಂತರ. ಒಂದು ಬ್ಯಾಚ್ ಮುಗಿದಾಗ ಅದೇ ಮನೆಗಳು ಮುಂದಿನ ಬ್ಯಾಚ್‌ಗೆ ಹೆಸರು ಸಮೇತ ಹೋಗಬೇಕು. ನರ್ಸಿಂಗ್ ವಿದ್ಯಾರ್ಥಿಗಳೂ ಅದೇ ತಂಡದಲ್ಲಿರಲಿ, ಪುಸ್ತಕ ಒಂದೇ ಇರಲಿ. 2024ರಲ್ಲಿ ಕೋಲಾರದಿಂದ ಶುರುವಾದ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯೂ ಮನೆ ಬಾಗಿಲಿಗೇ ಹೋಗೋದು. ಅದರ ದಾಖಲೆಗೂ ಇದಕ್ಕೂ ಕೊಂಡಿ ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಮೂರನೆಯದು, ಆಶಾ ಕಾರ್ಯಕರ್ತೆ ಈ ಕಾರ್ಯಕ್ರಮದ ಶಿಕ್ಷಕಿ ಅಂತ ಒಪ್ಪಿಕೊಂಡು, ಅವರು ವಿದ್ಯಾರ್ಥಿಗಳ ಜೊತೆ ಕಳೆಯೋ ಗಂಟೆಗಳಿಗೆ ಕಾಲೇಜು ಹಣ ಕೊಡಲಿ. ಲಕ್ಷಗಟ್ಟಲೆ ಶುಲ್ಕ ತಗೊಳ್ಳೋ ಕಾಲೇಜುಗಳಿಗೆ ಇದು ಭಾರ ಆಗಲಾರದು.

ನಾಲ್ಕನೆಯದು, ವರ್ಷಕ್ಕೊಮ್ಮೆ ಊರಿಗೆ ವರದಿ. ಪ್ರತಿ ಹಳ್ಳಿಯಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಇರಬೇಕು. ಯಾರ ಹೆಸರೂ ಹೊರಬೀಳದ ಹಾಗೆ, ಎಷ್ಟು ಜನರಿಗೆ ಏನು ತೊಂದರೆ ಇತ್ತು, ಎಷ್ಟು ಸರಿಹೋಯಿತು ಅಂತ ಆ ಸಮಿತಿಯ ಮುಂದೆ, ಗ್ರಾಮಸಭೆಯ ಮುಂದೆ, ಕನ್ನಡದಲ್ಲಿ ವಿದ್ಯಾರ್ಥಿಗಳೇ ಓದಲಿ. ಜನ ಪ್ರಶ್ನೆ ಕೇಳಲಿ.

ಇದಕ್ಕೆಲ್ಲ ಎನ್‌ಎಂಸಿ, ವಿಶ್ವವಿದ್ಯಾಲಯ, ಇಲಾಖೆ ಮನಸ್ಸು ಮಾಡುವ ತನಕ ಕಾಯಬೇಕಿಲ್ಲ. ನಿಮ್ಮ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಒಂದು ಆರ್‌ಟಿಐ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 150 ಪದಗಳ ಮಿತಿ, ಒಂದೇ ವಿಷಯ. ಕೇಳಬೇಕಾದ್ದು ಇಷ್ಟೇ: ಫ್ಯಾಮಿಲಿ ಅಡಾಪ್ಶನ್ ಕಾರ್ಯಕ್ರಮದಲ್ಲಿ ಯಾವ ಹಳ್ಳಿಗಳಿವೆ, ಎಷ್ಟು ಕುಟುಂಬಗಳಿವೆ, ರಕ್ತಹೀನತೆ ಪತ್ತೆಯಾದವರೆಷ್ಟು, ಅವರಲ್ಲಿ ಮರುಪರೀಕ್ಷೆ ಆದವರೆಷ್ಟು? ಕೊನೆಯ ಪ್ರಶ್ನೆಗೆ ‘ಮಾಹಿತಿ ಲಭ್ಯವಿಲ್ಲ’ ಅಂತ ಉತ್ತರ ಬಂದರೆ, ಅದನ್ನು ಹಿಡಿದು ನಿಮ್ಮ ಊರಿನ ಗ್ರಾಮಸಭೆಗೆ ಹೋಗಿ.